ಪಾಸ್‌ಪೋರ್ಟ್ ಇದ್ದವನಿಗೊಂದು ಬಾಡಿಗೆ ಮನೆ

ರಾಯಚೂರಿನಲ್ಲಿ ಬಾಡಿಗೆ ಮನೆ ತೋರಿಸುವ ನನ್ನಂಥ ದಲ್ಲಾಳಿಗೆ ನಗು ಹುಡುಕಿಕೊಂಡು ಹೋಗುವ ಗರಜು ಇಲ್ಲ, ಅದೇ ಬಂದು ಬೈಕಿನ ಹಿಂದೆ ಕೂರುತ್ತದೆ. ಅದರಲ್ಲೂ ಟಾಂಜಾನಿಯಾದ ಆ ಹುಡುಗನಿಗೆ ಮನೆ ಹುಡುಕಿದ ವಾರ ಇದೆಯಲ್ಲ, ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ!

ಭತ್ತದ ಮೇಲೆ ಸಂಶೋಧನೆ ಮಾಡಲು ಬಂದವನು. ಹಾಸ್ಟೆಲಿನಲ್ಲಿದ್ದ. ಶುಕ್ರವಾರ ಅವನ ಹೆಂಡತಿ, ಪುಟ್ಟ ಮಗಳು ಬರುವವರಿದ್ದರು. ಹಾಸ್ಟೆಲಿನಲ್ಲಿ ಸಂಸಾರ ಹೂಡುವಂತಿಲ್ಲ, ಅಷ್ಟರೊಳಗೆ ಮನೆ ಆಗಲೇಬೇಕು. ವಿದೇಶದವರಿಗೆ ಮನೆ ಕೊಟ್ಟರೆ ಮಾಲೀಕರೇ ಪೊಲೀಸರಿಗೆ ತಿಳಿಸಬೇಕಾದ್ದರಿಂದ ಎಲ್ಲರಿಗೂ ಒಳಗೊಳಗೇ ಅಂಜಿಕೆ. ಅವನಿಗೆ ಕನ್ನಡ ಬಾರದು. ನನ್ನ ಇಂಗ್ಲಿಷ್ ಬಸ್ ಸ್ಟ್ಯಾಂಡಿನ ತನಕ ದಾರಿ ಹೇಳುವಷ್ಟು ಮಾತ್ರ.

ರಾಯಚೂರಿನ ಮನೆ

ಮೊದಲು ಹೋದದ್ದು ಕಂದಾಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರ ಮನೆಗೆ. ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಪತ್ರ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದರು. ನನಗೋ ಒಳಗೇ ಖುಷಿ, ಮೊದಲ ಮನೆಯೇ ಆಗಿಬಿಟ್ಟಿತು ಅಂತ!

"ಎಲ್ಲಾ ಬರೋಬರಿ ಅದ," ಎಂದರು. "ಜಾತಿ-ಆದಾಯ ಪ್ರಮಾಣ ಪತ್ರ ಎಲ್ಲದ?"

"ಸರ್, ಅವ್ರು ಆಫ್ರಿಕಾದೋರ್ರೀ."

"ಇರ್ಲಿ ಬಿಡ್ರಿ. ಅಲ್ಲೇನು ತಹಶೀಲ್ದಾರ್ ಇರಂಗಿಲ್ಲೇನು?"

ದೇವದುರ್ಗದ ಮಾಲೀಕ

ರಾಯಚೂರಿನಲ್ಲೇ ಇನ್ನೊಂದು ಮನೆ ಖಾಲಿ ಇತ್ತು. ಅದರ ಮಾಲೀಕ ಇರುವುದು ದೇವದುರ್ಗದಲ್ಲಿ, ಕುರಿ ವ್ಯಾಪಾರದವನು. ಇಬ್ಬರೂ ಅಲ್ಲಿಗೇ ಹೋದೆವು. ನಾವು ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಓಣಿ ಓಣಿಯೇ ಬಂದು ಸೇರಿತು. ಒಬ್ಬ ಹುಡುಗನಿಗೆ ಚಹಾ ತಂದ, ಇನ್ನೊಬ್ಬ ಮಿರ್ಚಿ ಭಜಿ ತಂದ, ಉಳಿದವರು ಸರದಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು.

ಮಾಲೀಕ ಕಾಗದ ಮುಟ್ಟಲಿಲ್ಲ. "ಅವು ನನಗ ತಿಳಿಯಂಗಿಲ್ಲ. ಗುರ್ತಿನವರು ಯಾರರ ಜಾಮೀನು ನಿಂದರ್ತಾರೇನು?" ಎಂದ.

"ನಾ ನಿಂದರ್ತೀನಿ!" ಎಂದು ಮಿರ್ಚಿ ತಂದವನು ಎದ್ದ. "ನಾನೂ ಅದೀನಿ!" ಎಂದು ಚಹಾ ತಂದವನು ಎದ್ದ. ನೋಡನೋಡುತ್ತ ಇಡೀ ಕಟ್ಟೆಯೇ ಎದ್ದು ನಿಂತಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಮಾಲೀಕ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಹುಡುಗನ ಕೈ ಹಿಡಿದುಕೊಂಡ. "ಯಪ್ಪಾ, ನಿನ್ನ ಮ್ಯಾಲ ನನಗ ಒಂಚೂರೂ ಅನುಮಾನ ಇಲ್ಲ. ಆದ್ರ ಈ ಮಂದಿ ಜಾಮೀನಿನ ಮ್ಯಾಲ ನಾ ಮನಿ ಕೊಡಂಗಿಲ್ಲ."

ಗಡ್ಡದ ತಕರಾರು

ಮಾನ್ವಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮೇಲಿನ ಭಾಗ ಖಾಲಿ ಇತ್ತು. ಅವನ ಗದ್ದೆಯ ಕೆಲಸವೂ ಆ ಕಡೆಯೇ. ಟೀಚರಮ್ಮ ಕನ್ನಡಕ ಏರಿಸಿ ಪಾಸ್‌ಪೋರ್ಟಿನ ಮೊದಲ ಪುಟದಲ್ಲೇ ನಿಂತುಬಿಟ್ಟರು.

"ಫೋಟೊದಾಗ ಗಡ್ಡ ಇಲ್ಲ, ಮುಖದ ಮ್ಯಾಲ ಅದ. ಇಂವ ಅಂವ ಅಲ್ಲ."

ಶುಕ್ರವಾರ ಹತ್ತಿರ ಬಂದಿತ್ತು, ವಾದ ಮಾಡುವ ಹೊತ್ತಲ್ಲ. ಎದುರಿನ ಕ್ಷೌರದ ಅಂಗಡಿಗೆ ಎಳೆದುಕೊಂಡು ಹೋಗಿ ನುಣ್ಣಗೆ ಬೋಳಿಸಿ ಕರೆತಂದೆ. ಟೀಚರಮ್ಮ ಅವನ ಮುಖದ ಪಕ್ಕ ಫೋಟೊ ಹಿಡಿದು ನೋಡಿ ಒಪ್ಪಿದರು, ಪೊಲೀಸರಿಗೂ ತಿಳಿಸಿದರು. ಮರುದಿನ ಪರಿಶೀಲನೆಗೆ ಪೇದೆ ಬಂದ. ಅವನ ಮೊಬೈಲಿನಲ್ಲಿದ್ದದ್ದು ವೀಸಾದ ಹೊಸ ಫೋಟೊ, ಎದೆ ಮುಟ್ಟುವ ಗಡ್ಡ!

"ಇವ್ರು ಅವ್ರಲ್ರೀ," ಎಂದ ಪೇದೆ.

ಟೀಚರಮ್ಮ ಅಲ್ಲಾಡಲಿಲ್ಲ. "ಅವ್ರ ಹೌದು. ಅನುಮಾನ ಇದ್ರ ಕೂತ್ಕೋರಿ, ಚಾ ಕುಡೀರಿ, ಗಡ್ಡ ಬೆಳದ ಮ್ಯಾಲ ನೋಡಿ ಹೋಗೀರಂತ."

ಪೇದೆ ಬಿದ್ದು ಬಿದ್ದು ನಕ್ಕು, ಎರಡೂ ಫೋಟೊ ಹೊಂದಿಸಿ ನೋಡಿ ಸರಿ ಎಂದ.

ಹಾಲು

ಬಂತು ಶುಕ್ರವಾರ! ಆದರೆ ಟೀಚರಮ್ಮನಿಗೆ ಒಂದು ಅನುಮಾನ ಉಳಿದಿತ್ತು. ಗಂಡ ಹೆಂಡತಿಯ ಮದುವೆ ಪತ್ರ ಅವರ ಭಾಷೆಯಲ್ಲಿತ್ತು. "ಇದರಾಗ ಏನ್ ಬರದದೋ ಯಾರಿಗ್ಗೊತ್ತು! ಆಕಿ ಬರ್ಲಿ, ನೋಡೂಣು. ಮೊದಲು ಹಾಲು ಉಕ್ಕಿಸ್ರಿ," ಎಂದು ಚಾವಿಯನ್ನು ಸೆರಗಿಗೆ ಕಟ್ಟಿಕೊಂಡರು.

ಹೊಸ ಮನೆಗೆ ಕಾಲಿಡುವಾಗ ಹಾಲು ಪಾತ್ರೆ ಮೀರಿ ಉಕ್ಕಬೇಕಲ್ಲ. ಹೆಂಡತಿ ಮಗಳನ್ನೆತ್ತಿಕೊಂಡು ಹೊಸ್ತಿಲಾಚೆ ಬಂದು ನಿಂತಿದ್ದಳು. ಹಾಲು ಉಕ್ಕುವ ತನಕ ಒಳಗೆ ಬರುವಂತಿಲ್ಲ. ಹುಡುಗ ಒಲೆ ಹಚ್ಚಿದ. ಹಾಲು ಮೇಲೆದ್ದಿತು, ಇನ್ನೇನು ಚೆಲ್ಲಬೇಕು, ಟಕ್ ಅಂತ ಆರಿಸಿಬಿಟ್ಟ!

"ಅಯ್ಯ, ಆರಿಸಬಾರದಪ್ಪಾ!" ಎಂದು ಟೀಚರಮ್ಮ ಕೂಗಿದರು. ನಾನು ಕೈಸನ್ನೆ ಮಾಡಿ ತಿಳಿಸಿದೆ. ತಲೆಯಾಡಿಸಿದ. ಮತ್ತೆ ಹಚ್ಚಿದ, ಮತ್ತೆ ಉಕ್ಕಿ ಬಂತು, ಕೈ ತಾನಾಗಿಯೇ ಹೋಗಿ ಮತ್ತೆ ಆರಿಸಿತು. ಅವನಿಗೇ ನಾಚಿಕೆ. ಮೂರನೆಯ ಸಲ ನಾನೇ ಹಿಂದಿನಿಂದ ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಟೀಚರಮ್ಮ ಬಾಗಿಲಲ್ಲಿ ಕೈ ಮುಗಿದು ನಿಂತರು. ಹಾಲು ಏರಿತು, ಏರಿತು, ಅಂಚಿಗೆ ಬಂತು...

ಹೊಸ್ತಿಲಾಚೆಯಿಂದ ಒಂದು ಚೀರುದನಿ! ಅವನ ಹೆಂಡತಿ ಮಗುವನ್ನು ಟೀಚರಮ್ಮನ ಕೈಗೆ ತುರುಕಿ, ಒಂದೇ ನೆಗೆತಕ್ಕೆ ಒಳಗೆ ಬಂದು ಒಲೆ ಆರಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು ನೋಡಿ! ಆ ಭಾಷೆಯ ಒಂದಕ್ಷರ ನನಗೆ ಬಾರದು, ಆದರೂ ಪೂರಾ ತಿಳಿಯಿತು. ಅವನು ತಲೆ ತಗ್ಗಿಸಿ ನಿಂತ. ಅವನನ್ನು ಹಿಡಿದುಕೊಂಡಿದ್ದ ನಾನೂ ತಗ್ಗಿಸಿದೆ.

ಟೀಚರಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಸೆರಗಿನ ಗಂಟು ಬಿಚ್ಚಿದರು.

"ತಗೋವ್ವಾ ಚಾವಿ. ನೀ ಇವನ ಹೆಂಡ್ತಿ ಅನ್ನೂದಕ್ಕ ಇನ್ನ ಯಾವ ಕಾಗದಾನೂ ಬ್ಯಾಡ!"