ಫೋನಿನಾಕಿಗೆ ಹೇಳಿದ ಗುಟ್ಟು

ನಮ್ಮ ಯಜಮಾನರ ದನಿಯ ಬಗ್ಗೆ ಬೆಟಗೇರಿಯಲ್ಲಿ ಒಂದು ಪುರಾಣವೇ ಇದೆ. ಅವರು ಹುಟ್ಟಿದ ಕೂಡಲೇ ಅತ್ತದ್ದನ್ನು ಕೇಳಿ ಪಾಳಿ ಮುಗಿದ ಭೋಂಗಾ ಆಯಿತೆಂದು ಓಣಿಯ ನೇಕಾರರೆಲ್ಲ ಮಗ್ಗ ನಿಲ್ಲಿಸಿ ಬುತ್ತಿ ಬಿಚ್ಚಿದರಂತೆ. ಇವರು ಅಂಗಳದಲ್ಲಿ ನಿಂತು ‘ಚಹಾ’ ಎಂದರೆ ಗದಗ ಸ್ಟೇಶನ್ನಿನ ಚಹಾದವನು ‘ಬಂದೇರಿ’ ಅನ್ನುತ್ತಾನಂತೆ. ಒಂದು ಚಳಿಗಾಲ ಇವರು ಸೀನಿದ್ದಕ್ಕೆ ಮಾಗಡಿ ಕೆರೆಗೆ ಬಂದಿದ್ದ ಪರದೇಶದ ಹಕ್ಕಿಗಳು ವೀಸಾ ಮುಗಿಯಿತೆಂದು ತಿಳಿದು ಎದ್ದು ಹೋದವು ಎನ್ನುವವರೂ ಇದ್ದಾರೆ. (ಇದು ಶುದ್ಧ ಸುಳ್ಳು. ಅದು ಸೀನಲ್ಲ, ಆಕಳಿಕೆ.)

ತಪ್ಪು ಅವರದಲ್ಲ. ವಿದ್ಯುತ್ ಮಗ್ಗಗಳ ಖಟಾಖಟದ ನಡುವೆ ತೊಟ್ಟಿಲು ಕಟ್ಟಿಸಿಕೊಂಡ ಮನುಷ್ಯ. ನಮ್ಮ ಓಣಿಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ; ಇಲ್ಲವಾದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಆ ಸಾಮಂತರ ನಡುವೆ ನಮ್ಮ ವಿಠೋಬಾ ಅವರು ಸಾರ್ವಭೌಮರು, ಅಷ್ಟೇ.

ಇಂಥವರ ಕೈಗೆ ಒಂದು ಗುಟ್ಟು ಬಂತು.

ಕೊಟ್ಟವರು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಅಂದಪ್ಪನವರ ಹೆಂಡತಿ ಅನ್ನಪೂರ್ಣವ್ವ. ಅವರ ಅತ್ತೆಯ ಕಾಲದಿಂದಲೂ ಆ ಮನೆಯ ಶುಭಕಾರ್ಯಕ್ಕೆ ನಮ್ಮ ಮಗ್ಗದ ಸೀರೆಯೇ ಆಗಬೇಕು. ಈಗ ಮಗಳು ಕಾಂಚನಾಳ ನಿಶ್ಚಯ ಬಂದಿತ್ತು. ಆದರೆ ಅದೇ ಮನೆಯಲ್ಲಿ, ಒಂದು ಗೋಡೆಯ ಆಚೆ, ಅವರ ನೆಗೆಣ್ಣಿ ಇದ್ದಾಳೆ. ಪ್ರತಿ ಕಾರ್ಯದಲ್ಲೂ ಆಕೆ ಅನ್ನಪೂರ್ಣವ್ವನದೇ ಬಣ್ಣದ ಸೀರೆ ಉಟ್ಟು, ಅಂಚು ಮಾತ್ರ ಒಂದು ಬೆರಳು ಅಗಲ ಮಾಡಿಸಿಕೊಂಡು ಮೆರೆಯುತ್ತಾಳೆ. ಆಕೆಗೆ ಸೀರೆ ನೇಯ್ದು ಕೊಡುವವರು ಬೇರೆ ಯಾರೂ ಅಲ್ಲ, ನಮ್ಮ ಎದುರು ಮನೆಯ ಲಕ್ಷ್ಮೀದೇವಿ.

“ರತ್ನವ್ವಾ, ಈ ಸಲನೂ ಆಕಿ ನನ್ನಂಥಾದ ಉಟ್ಲಂದ್ರ ನಿಮ್ಮ ಮನಿ ಹೊಸ್ತಿಲಾ ನಾ ತುಳಿಯಂಗಿಲ್ಲ ನೋಡು,” ಎಂದು ಅನ್ನಪೂರ್ಣವ್ವ ನನ್ನ ಕೈ ಹಿಡಿದು ಹೇಳಿದರು. “ಫೋನ್ ಮಾಡಬ್ಯಾಡ್ರಿ, ಗ್ವಾಡಿಗೆ ಕಿವಿ ಹಚ್ಚಿ ಕುಂತಿರ್ತಾಳ. ಏನಿದ್ರೂ ಮೆಸೇಜ್.”

ಮೆಸೇಜಿನ ಆ್ಯಪ್ ನಮ್ಮವರಿಗೆ ಬಹಳ ಹಿಡಿಸಿತು. ಅದರಲ್ಲಿ ಒಂದು ಕೀಲಿಯ ಚಿತ್ರವಿತ್ತು. ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ನರಪಿಳ್ಳೆಗೂ ಓದಲಾಗದು ಎಂದು ಬರೆದಿತ್ತು. ತೊಂದರೆ ಒಂದೇ: ಇವರ ದಪ್ಪ ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಬಂಧುಬಳಗವೆಲ್ಲ ಎದ್ದು ಬರುತ್ತಿತ್ತು. ಹೀಗಾಗಿ ಫೋನಿನೊಳಗಿಂದ ಹೆಣ್ಣು ದನಿಯಲ್ಲಿ ಮಾತಾಡುತ್ತ, ಬಾಯಿಂದ ಹೇಳಿದ್ದನ್ನು ಬರೆದು ಕಳಿಸುವ ಆ ಫೋನಿನಾಕಿಯನ್ನು ಸೇವೆಗೆ ಇಟ್ಟುಕೊಂಡರು.

ಗದಗಿನ ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಗಳು ಪ್ರಿಯಾ ತಡೆದಳು. “ಅಪ್ಪಾ, ಕೀಲಿ ಇರೋದು ಆ್ಯಪಿಗೆ. ನೀ ಹೇಳಾಕತ್ತಿದ್ದು ಹೊರಗಿನಾಕಿಗೆ. ಆಕಿ ಬಾಯಿಗೆ ಕೀಲಿ ಐತೇನು?”

“ಆಕಿ ನನ್ನ ಕಿಸೆದಾಗ ಇರ್ತಾಳ. ಹೊರಗಿನಾಕಿ ಹೆಂಗಾದ್ಲು?” ಎಂದರು ಇವರು. ಪಕ್ಕದ ಓಣಿಯ ನಾಯಿಗಳು ಎದ್ದು ಕುಳಿತವು.

ಮಗ್ಗದ ಮನೆಯಲ್ಲಿ ನಿಂತು, ಮಗ್ಗಗಳ ಸದ್ದನ್ನು ಮೀರಿಸುವಂತೆ, ಇವರ ಗುಪ್ತ ಸಂದೇಶಗಳು ಹೊರಟವು. “ಒಡಲು ಹೀರೀಹೂವಿನ ಹಳದಿ! ಅಂಚು ಬದನೀಕಾಯಿ ಬಣ್ಣ!” ಎಂದು ಕೂಗಿದರೆ ಫೋನಿನಾಕಿ ಎಣ್ಣೆಗಾಯಿ ಮಾಡುವ ವಿಧಾನ ತೋರಿಸುತ್ತಿದ್ದಳು. ಇವರು ಮತ್ತೆ ಕೂಗುತ್ತಿದ್ದರು. ಪುಣ್ಯಕ್ಕೆ ಇಡೀ ಓಣಿಯ ಮಗ್ಗಗಳು ಓಡುತ್ತಿದ್ದವು. ಬಣ್ಣಗಳೆಲ್ಲ ಆ ಖಟಾಖಟದಲ್ಲಿ ಮುಳುಗಿ ಹೋದವು.

ಅಷ್ಟರಲ್ಲಿ ಕರೆಂಟು ಹೋಯಿತು.

ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ಆ ಮಹಾಮೌನದ ನಡುವೆ ಒಂದೇ ಒಂದು ದನಿ ಸಿಡಿಲಿನಂತೆ ಎರಗಿತು: “ಈ ಮಾತು ಯಾರಿಗೂ ಗೊತ್ತಾಗಬಾರ್ದ್ರಿ!”

ಓಣಿಯ ಆ ತುದಿಯಿಂದ ಮೋತಿಬಿ ಉತ್ತರಿಸಿದಳು, “ಆತ್ರೀ ವಿಠೋಬಣ್ಣಾ, ನಾವಂತೂ ಯಾರಿಗೂ ಹೇಳಂಗಿಲ್ಲ!”

ಅಂದೇ ನಾನು ಆಡಳಿತವನ್ನು ಕೈಗೆ ತೆಗೆದುಕೊಂಡೆ. “ಇವತ್ತಿನಿಂದ ಮೆಸೇಜ್ ಕೆಲಸ ನಂದು. ನೀವು ಬಾಯಿ ತೆಗೆದ್ರ ಸಣ್ಣಗ ತೆಗೀಬೇಕು. ಬೆಂಕಿ ಬಿದ್ರೂ ಸಣ್ಣಗ!”

“ಬೆಂಕಿ ಬಿದ್ರೂ?”

“ಸಣ್ಣಗ!”

ಪಾಪ, ಮನುಷ್ಯ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಅವರ ತುಟಿಗಳು ಮಾತ್ರ ಆಡುತ್ತಿದ್ದವು. ಓಣಿ ಕಂಗಾಲಾಯಿತು. ಮೋತಿಬಿ ಶುಂಠಿ ಕಷಾಯ ಕಳಿಸಿದಳು. ನನಗೋ, ಹುಲಿ ಪಳಗಿಸಿದ ಹೆಮ್ಮೆ.

ಇನ್ನು ಫೋನಿನ ವಿದ್ಯೆಯಲ್ಲಿ ನಾನೇನು ಕಡಿಮೆಯವಳಲ್ಲ. ಗೌರಿ ಹುಣ್ಣಿಮೆಯ ದಿನ ಎದುರು ಮನೆಯ ಲಕ್ಷ್ಮೀದೇವಿ ವೈರಿಲ್ಲದ ಹೊಸ ಸ್ಪೀಕರ್ ತಂದು, ಹಾಡು ಹಚ್ಚಲು ಬಾರದೆ ಕೂತಿದ್ದಾಗ, ಅದನ್ನು ನನ್ನ ಫೋನಿಗೆ ಜೋಡಿಸಿ ಆರತಿ ಹಾಡು ಕೇಳಿಸಿದವಳು ನಾನೇ. ಆಗ ಆಕೆಯ ಮುಖ ನೋಡಬೇಕಿತ್ತು!

ನಾನು ಮುಂಜಾನೆ ರೊಟ್ಟಿ ಬಡಿಯುತ್ತ, ಕೈಯೆಲ್ಲ ಹಿಟ್ಟಾಗಿರುವಾಗ, ಫೋನಿನಾಕಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಆಕೆಗೆ ನಮ್ಮ ಮಾತು ತಿಳಿಯದು; ರೇಡಿಯೋ ವಾರ್ತೆಯ ಭಾಷೆಯೇ ಆಗಬೇಕು. ಹೀಗಾಗಿ ನಾನು ಒಲೆಯ ಮುಂದೆ ಕೂತು, “ಹೀರೆ ಹೂವಿನ ಹಳದಿಗೆ ಬದನೆಕಾಯಿ ಬಣ್ಣದ ಅಂಚಿನ ಕೆಲಸ ಪ್ರಗತಿಯಲ್ಲಿದೆ. ತಾವು ಚಿಂತಿಸಬಾರದು,” ಎಂದು ಉಸುರುತ್ತಿದ್ದೆ. ಕೆಲಸದ ಮಾತಿನ ಜೊತೆ ಸ್ವಲ್ಪ ಊರ ಸಮಾಚಾರವನ್ನೂ ಸೇರಿಸುತ್ತಿದ್ದೆ. (ಬರೀ ಕೆಲಸದ ಮಾತು ಆಡುವುದು ನಮ್ಮ ಮನೆತನಕ್ಕೆ ಶೋಭಿಸುವುದಿಲ್ಲ.)

ಮೊದಮೊದಲು ಆಕೆ ನಾನು ಹೇಳಿದ್ದನ್ನೆಲ್ಲ ಗಟ್ಟಿಯಾಗಿ ಓದಿ, “ಕಳುಹಿಸಬೇಕೇ?” ಎಂದು ಕೇಳುತ್ತಿದ್ದಳು. ನಾನು, “ಮೆಲ್ಲಗ ಅಂತೀನಲ್ಲ!” ಎಂದು ಗದರುತ್ತಿದ್ದೆ. ಒಂದು ದಿನ ಆಕೆ ಪೂರ್ತಿ ಸುಮ್ಮನಾದಳು. ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು, ನಾನು “ಹೌದು” ಎನ್ನುತ್ತಿದ್ದೆ, ಸಂದೇಶ ಹೋಗುತ್ತಿತ್ತು. ಆಕೆಯ ಬಾಯಿಂದ ಚಕಾರವಿಲ್ಲ. ಗಂಡನ ಹಾಗೆಯೇ ಇವಳನ್ನೂ ಪಳಗಿಸಿದೆನೆಂದು ನಾನು ಬೀಗಿದೆ.

ಅದೇ ವಾರ ಇವರು ಎದುರು ಮನೆಗೆ ಎಣ್ಣೆ ಡಬ್ಬಿ ಕೇಳಲು ಹೋದವರು ಓಡಿ ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತರು. ತುಟಿಗಳು ಬಹಳ ಹೊತ್ತು ಆಡಿದವು. ಕೈ ನನ್ನ ಫೋನಿನ ಕಡೆ ಹೋಯಿತು, ಎದುರು ಮನೆಯ ಕಡೆ ಹೋಯಿತು, ಕಿವಿಗೆ ಬಂತು. ಮಗ್ಗದ ಸದ್ದು, ರೊಟ್ಟಿಯ ಸದ್ದು. ನನಗೆ ಒಂದಕ್ಷರವೂ ಕೇಳಲಿಲ್ಲ. ನನ್ನ ಕಿವಿಯೂ ಇದೇ ಓಣಿಯದಲ್ಲವೇ? ಆದರೆ ಸಣ್ಣಗೆ ಮಾತಾಡಿರೆಂದು ಆಜ್ಞೆ ಮಾಡಿದವಳೇ ‘ಕೇಳಿಸಲಿಲ್ಲ’ ಎನ್ನುವುದು ಹೇಗೆ? ಎದುರು ಮನೆಯಲ್ಲಿ ಏನೋ ಸಿಹಿ ಮಾಡಿದ್ದಾರೆಂದು ಹೇಳುತ್ತಿರಬೇಕು ಎಂದು ಊಹಿಸಿ, “ಹೂಂ, ಗೊತ್ತೈತಿ ಹೋಗ್ರಿ,” ಎಂದು ಕೈಗೆ ಚಹಾ ಕೊಟ್ಟು ಕಳಿಸಿದೆ. ಅವರು ನನ್ನನ್ನು ಅಚ್ಚರಿಯಿಂದ, ಸ್ವಲ್ಪ ಗೌರವದಿಂದ ನೋಡಿ ಹೋದರು.

ಸೀರೆ ಮುಗಿಯಿತು. ಅಂಥ ಸೀರೆ ನಮ್ಮ ಮಗ್ಗದಿಂದ ಹಿಂದೆ ಇಳಿದಿರಲಿಲ್ಲ. ನಿಶ್ಚಯದ ಹಿಂದಿನ ದಿನ ತಲುಪಿಸಿ, ಮರುದಿನ ಆಹ್ವಾನಿತಳಾಗಿ ನಾನೂ ಲಕ್ಷ್ಮೇಶ್ವರಕ್ಕೆ ಹೋದೆ. ನಾವು ಊಟಕ್ಕೆ ಕೂತಿದ್ದ ಪಡಸಾಲೆಗೆ ಅನ್ನಪೂರ್ಣವ್ವ ಸೀರೆಯುಟ್ಟು ಬಂದರು. ಹೀರೆಯ ಬಳ್ಳಿಯೇ ಹೂಬಿಟ್ಟು ನಡೆದು ಬಂದಂತಿತ್ತು. ಅಷ್ಟರಲ್ಲಿ ಎದುರಿನ ಕೋಣೆಯಿಂದ ಎರಡನೆಯ ಹೀರೆಬಳ್ಳಿ ಹೊರಬಂತು. ಅದೇ ಹಳದಿ. ಅದೇ ಬದನೆಕಾಯಿ. ಅಂಚು ಒಂದು ಬೆರಳು ಅಗಲ.

ಅನ್ನಪೂರ್ಣವ್ವ ನನ್ನನ್ನು ನೋಡಿದರು. ನಾನು ನನ್ನ ಎಲೆಯ ಮೇಲಿನ ಮಾದಲಿಯನ್ನು ನೋಡಿದೆ.

“ಊಟ ಮಾಡಿ ಹೋಗವ್ವಾ,” ಎಂದರು ಅವರು. “ಇನ್ನ ಮ್ಯಾಲೆ ನಿನಗ ತ್ರಾಸ ಕೊಡಂಗಿಲ್ಲ. ಮದವಿ ಸೀರಿ ಸೀದಾ ನಿಮ್ಮ ಎದುರು ಮನ್ಯಾಗನ ಹೇಳ್ತೀನಿ. ಹೆಂಗೂ ಗುಟ್ಟು ಅಲ್ಲೇ ಹೋಗಿ ಮುಟ್ಟತೈತಿ.”

ಬಸ್ಸಿನಲ್ಲಿ ಶಿರಹಟ್ಟಿಯವರು, ಮುಳಗುಂದದವರು ಎಲ್ಲ ನನ್ನ ಮುಖ ನೋಡಿ ದೂರ ಕುಳಿತರು. ಮನೆ ಮುಟ್ಟಿದವಳೇ ಸೀದಾ ಮಗ್ಗದ ಮನೆಗೆ ನುಗ್ಗಿದೆ.

“ಒದರಿದ್ರಿಲ್ಲೋ! ಒದರಿ ಮನಿ ಮುಳಗಿಸಿದ್ರಿಲ್ಲೋ!”

ಇವರು ತುಟಿ ಆಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಭುಜ ತಟ್ಟಿದರು. ಲಕ್ಷ್ಮೀದೇವಿ! ಬಗಲಲ್ಲಿ ಕೂಸಿನಂತೆ ಆ ಸ್ಪೀಕರ್.

“ತಗೋರೀ ರತ್ನವ್ವಾ, ನಿಮ್ಮಾಕಿನ್ನ ನೀವ ಇಟ್ಕೋರಿ,” ಎಂದು ಅದನ್ನು ನನ್ನ ಕೈಗೆ ಕೊಟ್ಟಳು. “ದಿನಾ ಮುಂಜಾನಿ ಭಜನಿ ಕೇಳೂಣಂತ ಇದನ್ನ ಚಾಲೂ ಮಾಡಿದ್ರ, ಇದು ನಿಮ್ಮ ಫೋನಿಗೆ ಅಂಟಿಕೊಂಡು ನೀವು ಹೇಳಿದ್ದನ್ನೆಲ್ಲ ಓದತೈತಿ. ಬಣ್ಣ ಆತು, ಅಂಚಾತು. ಕಿವಿ ಮುಚ್ಚಿಗೊಂಡು ಕುಂದರಾಕ ನಾ ಏನ್ ಸನ್ಯಾಸಿ ಏನ್ರಿ? ನಾನೂ ಮಗ್ಗ ಇಟ್ಟಾಕಿ.” ಹೊಸ್ತಿಲ ತನಕ ಹೋಗಿ ತಿರುಗಿದಳು. “ಆದ್ರ ‘ಎದುರು ಮನೆಯವರ ಉಪ್ಪಿಟ್ಟು ಗೋಡೆಗೆ ಮೆತ್ತಲು ಯೋಗ್ಯವಾಗಿದೆ’ ಅಂದ್ರಲ್ಲ, ಅಷ್ಟು ಶುದ್ಧ ಕನ್ನಡದಾಗ ನನಗ ಯಾರೂ ಬೈದಿದ್ದಿಲ್ರೀ. ಬೀಗರು ಬಂದಾಗ ಕೇಳಿದ್ರು, ಭಾಳ ನಕ್ಕರು.”

ಅವಳು ಹೋದ ಮೇಲೆ ಸ್ಪೀಕರನ್ನು ಅಪ್ಪಿಕೊಂಡೇ ಇವರ ಕಡೆ ತಿರುಗಿದೆ.

“ನಿಮಗ ಇದು ಗೊತ್ತಿತ್ತೇನು?”

ತುಟಿಗಳು ಆಡಿದವು.

“ಏನ್ರಿ? ಜೋರಾಗಿ ಹೇಳ್ರಿ!”

ಇವರು ಕೈಯಿಂದ ಮಗ್ಗ ನಿಲ್ಲಿಸಿದರು. ಅನುಮಾನದಿಂದ ನನ್ನನ್ನೊಮ್ಮೆ ನೋಡಿದರು.

“ಜೋರಾಗಿ ಹೇಳ್ಲಿ?”

“ಹೇಳ್ರೀ ಅಂದ್ರ!”

“ಅವತ್ತ ಹೇಳಿದ್ದೆ. ಗೊತ್ತೈತಿ ಹೋಗ್ರಿ ಅಂದಿ.”