ನಿಂತ ದಿನ ಹೇಳ್ರಿ, ಬಂದು ನೋಡ್ತೀನಿ

ಬೇರೆ ಊರುಗಳಲ್ಲಿ ಪ್ರಶ್ನೆ ಕೇಳಿದರೆ ಜನ ಉತ್ತರ ಕೊಡುತ್ತಾರೆ, ಇಲ್ಲವೇ ಬಾಗಿಲು ಹಾಕಿಕೊಳ್ಳುತ್ತಾರೆ. ದಾವಣಗೆರೆ, ಹರಿಹರದಲ್ಲಿ ನಾನು ಪ್ರಶ್ನೆ ಕೇಳಿದಾಗಲೆಲ್ಲ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಹಿಂದೆ ಯಾರಿದ್ದಾರೋ ನನಗೆ ಕಾಣುವುದಿಲ್ಲ. ಅವರಿಗೆ ಕಾಣುವಂತಿದೆ.

ನನ್ನ ಕೆಲಸ ಸರಳ. ದೇಶದ ಉದ್ಯಮಗಳು ಸಂಶೋಧನೆಗೆಂದು ಏನು ಖರ್ಚು ಮಾಡುತ್ತವೆ ಎಂಬ ಸಮೀಕ್ಷೆಗೆ ಫಾರಂ ತುಂಬಿಸುವುದು. ಮುಂದುವರಿದ ದೇಶಗಳಲ್ಲಿ ಈ ಖರ್ಚಿನ ದೊಡ್ಡ ಪಾಲನ್ನು ಕಂಪನಿಗಳೇ ಹೊರುತ್ತವೆ, ನಮ್ಮಲ್ಲಿ ಸರ್ಕಾರವೇ ಹೊರುತ್ತದೆ ಎಂದು ಪ್ರತಿ ವರದಿಯೂ ಕೊರಗುತ್ತದೆ. ಆ ಕೊರಗಿಗೆ ಅಂಕಿ ಒದಗಿಸುವವರಲ್ಲಿ ನಾನೂ ಒಬ್ಬಳು. ನೈರೋಬಿಯಲ್ಲಿ ಸೋಪಿನ ಸಮೀಕ್ಷೆ, ಹನೋಯ್‌ನಲ್ಲಿ ಚಪ್ಪಲಿಯದ್ದು, ಜೈಪುರದಲ್ಲಿ ಹಲ್ಲುಪುಡಿಯದ್ದು ಮುಗಿಸಿ, ಯಾವ ಊರಲ್ಲೂ ಎರಡು ಮಳೆಗಾಲ ಕಾಣದ ನಾನು ಈಗ ದಾವಣಗೆರೆಯ ಸರಸ್ವತಿ ನಗರದ ಒಂದು ಮಹಡಿ ಕೋಣೆಯಲ್ಲಿ ಸೂಟ್‌ಕೇಸ್ ಪೂರ್ತಿ ಬಿಚ್ಚದೆ ಇದ್ದೇನೆ. ದಿಲ್ಲಿಯ ಮೇಲಧಿಕಾರಿ ವಾರಕ್ಕೊಮ್ಮೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಾರೆ: "ನಿಮ್ಮ ಜಿಲ್ಲೆಯಿಂದ ಬರೀ 'ಇಲ್ಲ' ಬರ್ತಿದೆ. ಒಂದೇ ಒಂದು 'ಹೌದು' ಸಿಗಲಿಲ್ಲವೇ?"

ಹೊಗೆಯೊಳಗಿನ ದನಿ

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ನಡುಮಧ್ಯಾಹ್ನವೂ ಮುಸ್ಸಂಜೆಯ ಹಾಗಿರುತ್ತದೆ. ಒಂದು ಭಟ್ಟಿಯ ಮಾಲೀಕರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುರಿಯುವುದರಲ್ಲಿ ಹೊಸದೇನಾದರೂ ಪ್ರಯತ್ನ ಮಾಡಿದ್ದೀರಾ ಎಂದು ಕೇಳಿದೆ.

"ಹೊಸದು ಎಲ್ಲಿಂದ ಬರ್ತೈತ್ರಿ? ನಮ್ಮಜ್ಜ ಹೆಂಗೆ ಹುರೀತಿದ್ನೋ ಹಂಗೇ. ಇಲ್ಲ ಅಂತ ಬರ್ಕೊಳ್ರಿ."

"ಐತೆ ಅಂತ ಬರ್ಕೊಳ್ರಿ" ಎಂದಿತು ಒಳಗಿನ ಹೊಗೆ.

ಮಾಲೀಕರು ಹಿಂದೆ ತಿರುಗಿ ನೋಡಿದರು. "ಒಳಗ ಯಾರೂ ಇಲ್ರೀ," ಎಂದರು ಸಣ್ಣ ದನಿಯಲ್ಲಿ. "ಎಲ್ಲಾ ಉಣ್ಣಾಕ ಹೋಗ್ಯಾರ."

ಹೊಗೆಯಲ್ಲಿ ಒಂದು ಆಕೃತಿ ಮೂಡಿತು. ತಲೆಯಿಂದ ಪಾದದವರೆಗೆ ಬೂದಿ, ಕಣ್ಣು ಮಾತ್ರ ಕೆಂಪು. ಮಾಲೀಕರು ಕುರ್ಚಿಯ ಸಮೇತ ಒಂದು ಮಾರು ಹಿಂದೆ ಸರಿದರು. ಆಕೃತಿ ಸೆರಗಿನಿಂದ ಮುಖ ಒರೆಸಿಕೊಂಡಿತು. ಅವರ ಹೆಂಡತಿ.

"ಎಲ್ರೂ ಉಣ್ಣಾಕ ಹೋದಾಗ ಉಪ್ಪುನೀರಿನ ಹದ ಬದಲಾಯಿಸಿ ಒಂದೊಂದು ಪಾವು ಹುರಿದು ನೋಡ್ತೀನ್ರಿ ಅಕ್ಕಾರ. ಹತ್ತು ವರ್ಷಾತು. ಇವರಿಗೇನೂ ಗೊತ್ತಿಲ್ಲ."

"ಹಂಗಾರೆ ಹೋದ ವರ್ಷ ನಾಕು ಚೀಲ ಅರಳದೇ ಕಲ್ಲಾತಲ್ಲ?"

"ಅದೂ ನಾನೇ. ಆವತ್ತು ಪಾವು ಬಿಟ್ಟು ಚೀಲಕ್ಕೇ ಕೈ ಹಾಕಿದ್ದೆ."

"ಭಟ್ಟಿಗೆ ದೃಷ್ಟಿ ಆಗೈತೆ ಅಂತ ಬೂದುಗುಂಬಳಕಾಯಿ ಒಡೆಸಿದ್ನಲ್ಲೇ ನಾನು!"

ಆಕೆ ನನ್ನ ಫಾರಂ ಕಡೆ ಬಗ್ಗಿ ನೋಡಿ ಹೇಳಿದಳು: "ಆ ಕುಂಬಳಕಾಯಿನೂ ಸಂಶೋಧನೆ ಖರ್ಚಿಗೇ ಬರ್ಕೊಳ್ರಿ."

ಹನ್ನೊಂದು ಗಂಟೆಯ ಚಹಾ

ಭಟ್ಟಿಯವರು ಸಹಿ ಹಾಕಲಿಲ್ಲ. ಹೆಂಡತಿಯೇ ವಿಜ್ಞಾನಿ ಎಂದು ಬರೆದುಕೊಟ್ಟರೆ ಮನೆಯಲ್ಲಿ ತಮ್ಮ ಮಾತು ನಡೆಯುವುದಿಲ್ಲ ಎಂಬ ಹೆದರಿಕೆ. ನಾನು 'ಹೌದು' ಹುಡುಕಿಕೊಂಡು ಹರಿಹರಕ್ಕೆ ಹೋದೆ.

ಅಲ್ಲಿನ ಒಂದು ಕಾರ್ಖಾನೆಯಲ್ಲಿ 'ಸಂಶೋಧನಾ ವಿಭಾಗ' ಎಂಬ ಹಿತ್ತಾಳೆ ಬೋರ್ಡು ಫಳಫಳ ಹೊಳೆಯುತ್ತಿತ್ತು. ಒಳಗೆ ಎ.ಸಿ. ಗುಂಯ್ಗುಡುತ್ತಿತ್ತು. ಕುರ್ಚಿಯ ಬೆನ್ನಿಗೆ ಬಿಳಿ ಕೋಟು, ಮೇಜಿನ ಮೇಲೆ ಹಬೆಯಾಡುವ ಚಹಾ. ಜನ ಮಾತ್ರ ಇಲ್ಲ.

"ಸಾಹೇಬ್ರು ಈಗಿನ್ನೂ ಇಲ್ಲೇ ಇದ್ರು, ಕೂಡ್ರಿ" ಎಂದ ಕಾವಲುಗಾರ. ಕೂತೆ. ಕೋಟಿನ ತೋಳು ಆಗಾಗ ಅಲುಗುತ್ತಿತ್ತು. ಒಂದು ಗಂಟೆ ಕಾದು ಎದ್ದೆ. ಮರುದಿನ ಹೋದೆ. ಅದೇ ಕೋಟು, ಅದೇ ಹಬೆ. ಮೂರನೇ ದಿನ ಹೇಳದೆ ಕೇಳದೆ ಬಾಗಿಲು ತಳ್ಳಿದಾಗ ಕೋಟು ಕುರ್ಚಿಯ ಮೇಲಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಿತ್ತು, ಚಹಾ ಕುಡಿಯುತ್ತ.

ಒಳಗಿದ್ದವನು ಕಾವಲುಗಾರನೇ. "ಸಾಹೇಬ್ರಿಗೆ ಟ್ರಾನ್ಸ್‌ಫರ್ ಆಗಿ ಆರು ವರ್ಷಾತ್ರಿ ಮೇಡಂ. ಕ್ಯಾಂಟೀನಿಗೆ ಯಾರೂ ಹೇಳಿಲ್ಲ. ಚಾ ದಿನಾ ಬರ್ತೈತೆ. ಕುಡೀದೆ ವಾಪಸ್ ಹೋದ್ರೆ ಅವರಿಲ್ಲ ಅಂತ ಗೊತ್ತಾಗಿ ಈ ರೂಮೇ ಮುಚ್ಚಿಬಿಡ್ತಾರ್ರಿ."

"ಚಹಾ ಸರಿ. ಕೋಟು ಯಾಕೆ?"

"ಎ.ಸಿ. ಭಾಳ ಥಂಡಿ ಐತ್ರಿ."

ಟಪ್

ದಾವಣಗೆರೆಯ ಅಂಚಿನ ಆವರಗೆರೆಯಲ್ಲಿ ಹೊಸ ಲೇಔಟುಗಳ ನಡುವೆ ಒಂದು ಹಳೇ ತಗಡಿನ ಷೆಡ್ಡು ಉಳಿದಿದೆ. ಪಂಪಿನ ಸಾಮಾನು ತಯಾರಿಸುವ ಸಣ್ಣ ಕಾರ್ಖಾನೆ. ಗೇಟಿನಲ್ಲೇ ಆ ಸದ್ದು ಕೇಳಿತು. ಟಪ್. ಎರಡು ಉಸಿರಿನಷ್ಟು ಬಿಡುವು. ಟಪ್.

ಮಾಲೀಕರಿಗೆ ಐವತ್ತು ದಾಟಿತ್ತು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಮರ್ಯಾದೆ. ಸಂಶೋಧನೆ ಮಾಡುತ್ತೀರಾ ಎಂದೆ.

"ಮಾಡ್ತೀವ್ರಿ. ಕೇಳ್ತೈತಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು. "ವಿಭಾಗದ ಮುಖ್ಯಸ್ಥರು ಯಾರು?"

"ನಮ್ಮ ಅಪ್ಪಾಜಿ."

"ಅವರನ್ನ ಕರೀತೀರಾ?"

ಮಾಲೀಕರು, ಬಾಗಿಲಲ್ಲಿ ನಿಂತ ವಯಸ್ಸಾದ ಫಿಟ್ಟರ್, ಇಬ್ಬರೂ ಒಟ್ಟಿಗೆ ನನ್ನ ತಲೆಯ ಮೇಲೆ ನೋಡಿದರು. ತಿರುಗಿದೆ. ಗೋಡೆಯಲ್ಲಿ ಹಾರ ಹಾಕಿದ ಫೋಟೋ.

"ಬ್ಯಾಡ್ರಿ" ಎಂದರು ಮಾಲೀಕರು. "ಕರೆದ್ರೆ ಬಂದೇ ಬಿಡ್ತಾರೆ."

ವಿಷಯ ಹೀಗೆ. ತಂದೆ ಒಂದು ಹೊಸ ರಬ್ಬರ್ ವಾಷರ್ ಮಾಡಿದ್ದರು. ಅದನ್ನು ನೀರಿನ ತೊಟ್ಟಿಯೊಳಗಿನ ವಾಲ್ವಿಗೆ ಹಾಕಿ, ವಾಲ್ವು ಹಗಲಿರುಳು ತೆರೆದು ಮುಚ್ಚುವಂತೆ ಒಂದು ಯಂತ್ರ ಜೋಡಿಸಿದ್ದರು. ವಾಷರ್ ಸವೆದು ನೀರು ಸೋರಿದರೆ ಯಂತ್ರ ತಾನೇ ನಿಲ್ಲಬೇಕು. ಅಲ್ಲಿಯವರೆಗೆ ಎಷ್ಟು ಸಲ ಬಡಿಯಿತು ಎನ್ನುವುದೇ ಪರೀಕ್ಷೆ. ಅಷ್ಟರಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೊರಟ ಕಾರಿನ ಗಾಜು ಇಳಿಸಿ ಹೇಳಿದರಂತೆ: "ಇದು ನಿಂತ ದಿನ ಹೇಳ್ರಿ. ನಾನೇ ಬಂದು ನೋಡ್ತೀನಿ."

ಅವರು ತಿರುಗಿ ಬರಲಿಲ್ಲ. ಯಂತ್ರ ನಿಲ್ಲಲೂ ಇಲ್ಲ. ಇಪ್ಪತ್ತು ವರ್ಷ.

"ಅಷ್ಟು ಗಟ್ಟಿ ವಾಷರ್ ಅಂದ್ರೆ ಮಾರಾಟ ಜೋರಿರಬೇಕು?"

"ಟೆಸ್ಟ್ ಮುಗೀದೆ ಮಾರಬ್ಯಾಡ್ರಿ ಅಂತನೂ ಹೇಳ್ಯಾರ್ರಿ. ನಾವು ಮಾರೋದು ಕೊಯಮತ್ತೂರಿನ ಮಾಲು."

ಕನ್ನಡಕ

ಷೆಡ್ಡಿಗೆ ಅಂಟಿಕೊಂಡೇ ಮನೆ. ಮಾಲೀಕರ ಹೆಂಡತಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಅವಳ ಹಿಂದೆಯೇ ಅತ್ತೆ, ಮಾಲೀಕರ ತಾಯಿ, ಬಂದು ಕೂತರು. ಎಂಬತ್ತರ ಹತ್ತಿರದ ಹೆಂಗಸು. ಕೈಯಲ್ಲಿ ಗಂಡಸರ ದಪ್ಪ ಕನ್ನಡಕ. ಸೆರಗಿನಿಂದ ಒರೆಸುತ್ತ, ಬೆಳಕಿಗೆ ಹಿಡಿಯುತ್ತ, ಮತ್ತೆ ಒರೆಸುತ್ತ.

"ನಿಂತಿತೇನವ್ವ?" ಎಂದು ನನ್ನನ್ನು ಕೇಳಿದರು.

"ಇಲ್ಲ ಅಜ್ಜಿ, ಬಡೀತಾ ಇದೆ."

ಅವರ ಮುಖ ಇಳಿಯಿತು. ಈ ಮನೆಯಲ್ಲಿ ಎಲ್ಲರೂ ಅದು ನಿಲ್ಲುವುದಕ್ಕೆ ಹೆದರುತ್ತಿದ್ದರು. ಇವರೊಬ್ಬರು ಮಾತ್ರ ಅದು ನಿಲ್ಲಲೆಂದು ಕಾಯುತ್ತಿದ್ದರು.

"ಆವತ್ತು ಈ ಕನ್ನಡಕಾನೂ ಬಿಟ್ಟು ಹೋದ್ರು. ಎಲ್ರಿಗೂ 'ಹೋಗಿಬರ್ತೀನಿ' ಅಂದ್ರು. ನನಗೊಬ್ಬಾಕಿಗೇ ಹೇಳಲಿಲ್ಲ. ನಾನು ಸಿಟ್ಟು ಮಾಡ್ಕೊಂಡು ಅಡಿಗಿಮನ್ಯಾಗ ಕುಂತಿದ್ದೆ, ಹೊರಗ ಬರಲಿಲ್ಲ. ಬಂದ್ರೆ ಹೇಳಿಸ್ಕೋಬೇಕು. ಅಷ್ಟೇ ನಂದು."

"ಸಿಟ್ಟು ಯಾಕೆ ಅಜ್ಜಿ?"

ಕನ್ನಡಕ ಒರೆಸುವ ಕೈ ಚುರುಕಾಯಿತು. ಇಪ್ಪತ್ತು ವರ್ಷದ ಮೇಲೂ ಸಿಟ್ಟು ಬಿಸಿಯಾಗಿಯೇ ಇತ್ತು. "ನನ್ನ ಕುಕ್ಕರಿನ ರಬ್ಬರ್ ಕತ್ತರಿಸಿ ವಾಷರ್ ಮಾಡಿದ್ನವ್ವ, ಆ ಮನುಷ್ಯ!"

ಹಬ್ಬದ ದಿನ

ಫಾರಂನಲ್ಲಿ ಒಂದು ಕಾಲಂ ಇದೆ: ಸಂಶೋಧನೆ ಎಂದು ಮುಗಿಯಬಹುದು? ಮಾಲೀಕರು ಫಿಟ್ಟರನ್ನು ಕರೆದರು. ಯಂತ್ರದ ಕೋಣೆಗೆ ಹೋಗುವವನು ಆತನೊಬ್ಬನೇ. ಅಜ್ಜಿಯೂ ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು.

"ಇದು ಹೆಂಗೆ ಮುಗೀತೈತ್ರಿ ಮೇಡಂ?" ಎಂದ ಫಿಟ್ಟರ್. "ಒಂದು ವರ್ಷಕ್ಕೆ ಸವೆದು ಹಾಳೆಯಂಗ ಆಗಿರ್ತೈತೆ. ಆಯುಧಪೂಜೆಗೆ ಹೊಸ ವಾಷರ್ ಹಾಕಿಬಿಡ್ತೀನಿ."

ಟಪ್. ಮಾಲೀಕರು ಎದ್ದು ನಿಂತರು. ಟಪ್.

"ಏನು ಹಾಕ್ತೀಯಾ?" ಎಂದರು ಮಾಲೀಕರು.

"ಹೊಸ ವಾಷರ್ ರೀ. ಎಲ್ಲಾ ಮಿಷನ್ ತೊಳೆದು, ಪೇಂಟ್ ಮಾಡಿ, ಹೂವು ಮುಡಿಸ್ತೀವಿ. ಹಬ್ಬದ ದಿನ ಇದೊಂದನ್ನ ಹಳೇದ್ರಾಗ ಕೂಡ್ಸಾಕ ಆಗ್ತೈತೇನ್ರಿ ಸಾವ್ಕಾರ್ರೇ?"

"ಅದನ್ನೇ ಅಲ್ಲೇನೋ ಟೆಸ್ಟ್ ಮಾಡ್ತಿರೋದು!"

"ನಾನು ಮಿಷನ್ ಟೆಸ್ಟ್ ಮಾಡ್ತಾರ ಅನ್ಕೊಂಡಿದ್ದೆ" ಎಂದು ಫಿಟ್ಟರ್ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಸೇರಿಸಿದ: "ಮತ್ತ ಅದು ನಿಂತ್ರ ದೊಡ್ಡ ಸಾವ್ಕಾರ್ರು ಮೊದಲು ನನ್ನ ಹತ್ರನೇ ಬರ್ತಾರಲ್ರೀ."

ಅಜ್ಜಿ ಗೋಡೆ ಹಿಡಿದುಕೊಂಡು ಅವನ ಎದುರಿಗೆ ಬಂದು ನಿಂತರು. "ಇಪ್ಪತ್ತು ಹಬ್ಬ ಅವರನ್ನ ಬಾಗಿಲಿನಿಂದ ತಿರುಗಿ ಕಳಿಸಿದೀಯಲ್ಲೋ! ಈ ವರ್ಷ ಅದಕ್ಕೆ ಹೂವು ಬೇಕಾದ್ರ ಮುಡಿಸು. ವಾಷರ್ ಮುಟ್ಟಿದ್ರ ಕೈ ಮುರೀತೀನಿ."

ನಿಂತಿತು

ಆಯುಧಪೂಜೆ ಬಂತು, ಹೋಯಿತು. ವಾಷರನ್ನು ಯಾರೂ ಮುಟ್ಟಲಿಲ್ಲ. ನಾನು ಆ ಜಿಲ್ಲೆಯ ಕೆಲಸ ಮುಗಿದರೂ ಏನೇನೋ ನೆಪ ಹೇಳಿ ಉಳಿದೆ. ವಾರಕ್ಕೊಮ್ಮೆ ಹೋಗಿ ಕಿವಿಗೊಟ್ಟು ಬರುತ್ತಿದ್ದೆ. ಟಪ್ ಎನ್ನುವುದು ತಪ್ ಆಯಿತು, ತಪ್ ಎನ್ನುವುದು ಬಾಯಿ ಚಪ್ಪರಿಸಿದಂತಾಯಿತು. ಬೇಸಿಗೆಯ ಒಂದು ಮಧ್ಯಾಹ್ನ ಮಾಲೀಕರ ಫೋನು. "ಮೇಡಂ, ನಿಂತೈತೆ. ಬರ್ರಿ."

ಹೋಗುವಷ್ಟರಲ್ಲಿ ಎಲ್ಲರೂ ಅಂಗಳದ ಬಿಸಿಲಲ್ಲಿ ನಿಂತಿದ್ದರು. ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಆ ಸದ್ದಿಲ್ಲದ ಷೆಡ್ಡು ಉಸಿರು ಬಿಗಿಹಿಡಿದ ಹಾಗಿತ್ತು. ಅಜ್ಜಿ ಮಾತ್ರ ಇಳಕಲ್ ಸೀರೆ ಉಟ್ಟು, ಕನ್ನಡಕ ಹಿಡಿದು ನಡೆದರು, ಬಾಗಿಲು ಹಾಕಿಕೊಂಡರು.

ಒಳಗಿಂದ ಅವರ ದನಿ ಕೇಳಿತು. ಬೈಯುವ ದನಿ. ಆಮೇಲೆ ಬಿಡುವು, ಯಾರದೋ ಉತ್ತರಕ್ಕೆ ಬೇಕಾಗುವಷ್ಟು. ಮತ್ತೆ ಅವರ ದನಿ, ಈ ಸಲ ಮೆತ್ತಗೆ. ಅರ್ಧ ಗಂಟೆ ಕಳೆಯಿತು. ಫಿಟ್ಟರ್ ನನ್ನ ಹಿಂದೆ ನಿಂತಿದ್ದ.

ಟಪ್.

ಬಾಗಿಲು ತೆರೆಯಿತು. ಅಜ್ಜಿಯ ಸೀರೆಯ ಅಂಚು ಒದ್ದೆಯಾಗಿತ್ತು. ಕೈಯಲ್ಲಿ ಕನ್ನಡಕ ಇರಲಿಲ್ಲ.

"ಬಂದಿದ್ರಾ ಅವ್ವ?" ಎಂದರು ಮಾಲೀಕರು. ದನಿ ಹತ್ತು ವರ್ಷದ ಹುಡುಗನದ್ದಾಗಿತ್ತು.

"ಬಂದಿದ್ರು. ನನ್ನ ಕಡೆ ನೋಡಲೇ ಇಲ್ಲ, ಸೀದಾ ವಾಷರ್ ಹತ್ರ ಹೋದ್ರು. 'ಇದ್ರಿಂದ ಪ್ರಯೋಜನ ಇಲ್ಲ, ಮೊದಲಿಂದ ಶುರು ಮಾಡ್ಬೇಕು' ಅಂದ್ರು."

"ನಿನಗೆ?"

ಅಜ್ಜಿ ಸೆರಗು ಸರಿಮಾಡಿಕೊಂಡರು. "ಹೇಳಿ ಹೋದ್ರು ಬಿಡಪ್ಪ."

ಫಿಟ್ಟರ್ ನನ್ನ ಕಿವಿಯ ಹತ್ತಿರ ಬಾಯಿ ತಂದ. "ಹೊಸ ವಾಷರ್ ಎಲ್ಲಾ ಬೀರುವಿನಾಗೆ ಅದಾವ್ರಿ. ಕೀಲಿ ನನ್ನ ಉಡದಾರದಾಗೈತೆ. ಮತ್ತ ಒಳಗೆ ಏನು ಹಾಕ್ಯಾರ?"

ಒಳಗೆ ಹೋಗಿ ನೋಡಿದೆವು. ಬಡಿತ ಎಣಿಸುವ ಚಕ್ರ ಸೊನ್ನೆಯಿಂದ ಶುರುವಾಗಿತ್ತು. ಅದನ್ನು ಸೊನ್ನೆಗೆ ತಿರುಗಿಸುವುದು ಹೇಗೆಂದು ಫಿಟ್ಟರಿಗೇ ಗೊತ್ತಿರಲಿಲ್ಲ. ಕನ್ನಡಕ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಷ್ಟರಲ್ಲಿ ಅಡಿಗೆಮನೆಯಿಂದ ಸೊಸೆಯ ಕೂಗು: "ಅತ್ತೀ, ಕುಕ್ಕರಿನ ರಬ್ಬರ್ ಎಲ್ಲೈತ್ರೀ? ಬೆಳಿಗ್ಗೆ ಇಲ್ಲೇ ಇತ್ತಲ್ಲ!"

ಅಜ್ಜಿ ಕಣ್ಣು ಮುಚ್ಚಿ, ಒಂದು ದೊಡ್ಡ ಉಸಿರು ಬಿಟ್ಟರು. "ನೋಡು. ಮತ್ತ ಅದನ್ನೇ ತಗೊಂಡ್ರು."

ಆ ಸಂಜೆ ಫಾರಂ ದಿಲ್ಲಿಗೆ ಕಳಿಸಿದೆ. ಸಂಶೋಧನೆ: ಹೌದು. ಖರ್ಚು: ಕುಕ್ಕರ್ ರಬ್ಬರ್, ಎರಡು. ಸಂಶೋಧಕರು: ಒಬ್ಬರು. ಮೇಲಧಿಕಾರಿ ಸಂತೋಷ ತಾಳಲಾರದೆ ಕೂಡಲೇ ಫೋನ್ ಮಾಡಿದರು. ಒಂದು ಕಾಲಂ ಖಾಲಿ ಬಿಟ್ಟಿದ್ದೀರಿ, ಆ ಸಂಶೋಧಕರು ಪೂರ್ಣಾವಧಿಯೋ, ಅರೆಕಾಲಿಕವೋ ಎಂದು ಕೇಳಿದರು.

ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ.

"ಅರೆಕಾಲಿಕ ಅಂತ ಬರ್ಕೊಳ್ಳಿ" ಎಂದೆ. "ನಿಂತಾಗ ಮಾತ್ರ ಬರ್ತಾರೆ."