ಧರ್ಮೇಂದ್ರನ ಕಾಲಿನ ಚೈನು

"ಅತ್ತೆ, ನಾನು ಸ್ವಂತ ಕುಯ್ಯೋ ಮಿಷನ್ ತಗೊಂಡ ವರ್ಷದಿಂದ ನಿನ್ನ ಗದ್ದೆಗೆ ಕುಡುಗೋಲು ಇಳಿಯಲ್ಲ. ಇದು ನನ್ನ ಮಾತು."

ಹನ್ನೊಂದು ವರ್ಷದ ಹಿಂದೆ ಜಯಪ್ರಕಾಶ ಈ ಮಾತು ಕೊಟ್ಟಿದ್ದು ತನ್ನ ಸೋದರತ್ತೆ ಸಿದ್ದಮ್ಮನಿಗೆ. ಅವತ್ತು ಭತ್ತ ಕುಯ್ಯುವಾಗ ಕುಡುಗೋಲು ಜಾರಿ ಅವಳ ಎಡಗೈ ಕಿರುಬೆರಳ ತುದಿ ಹೋಗಿತ್ತು. ಕೈಗೆ ಸೆರಗು ಸುತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವಳನ್ನು ನೋಡಿದರೆ ಯಾರ ಬಾಯಲ್ಲಾದರೂ ಅಂಥ ಮಾತು ಬರುತ್ತಿತ್ತು. ಬೇರೆ ಅತ್ತೆಯಾಗಿದ್ದರೆ ಮರೆತೇಬಿಡುತ್ತಿದ್ದಳು. ಸಿದ್ದಮ್ಮ ಮರೆಯುವ ಪೈಕಿಯಲ್ಲ.

ಈ ವರ್ಷ ಜಯಪ್ರಕಾಶ ಮಿಷನ್ ತಂದ. ಶನಿವಾರಸಂತೆ ಕಡೆಯವರೊಬ್ಬರಿಂದ ಕೊಂಡ, ನಾಲ್ಕು ಕೈ ದಾಟಿ ಬಂದ ರೋಟರಿ ಕಂಬೈನ್. ಮುಂದೆ ಭತ್ತ ಕುಯ್ಯುವ ಬಾಯಿ, ಹೊಟ್ಟೆಯೊಳಗೆ ಗಿರಗಿರ ತಿರುಗಿ ಕಾಳು ಉದುರಿಸುವ ಉದ್ದನೆಯ ರೋಟರು, ಸೀಟಿನ ಹಿಂದೆ ಕಾಳಿನ ತೊಟ್ಟಿ. ಕೀ ಕೊಡುವಾಗ ಮಾರಿದವನು, "ಒಣ ಹುಲ್ಲಾದ್ರೆ ಬಂಗಾರ. ಹಸಿ ಹುಲ್ಲು ಸಿಕ್ಕಿದ್ರೆ ಮಾತ್ರ ಸ್ವಲ್ಪ ಅಳ್ತದೆ" ಎಂದಿದ್ದ. ಆಗ ಅವನ ಮುಖದಲ್ಲಿ ಮಗಳ ಮದುವೆ ಮುಗಿಸಿದ ಅಪ್ಪನ ನಿರಾಳ ಇತ್ತು. ಜಯಪ್ರಕಾಶ ಅದನ್ನು ಗಮನಿಸಲಿಲ್ಲ.

ಹುತ್ತರಿ ಹಬ್ಬ ಕಳೆದ ಮರುವಾರ ಬೆಳಬೆಳಗ್ಗೆ ಸಿದ್ದಮ್ಮ ಬಾಗಿಲಿಗೇ ಬಂದಳು.

"ಮಗ, ಕುಡುಗೋಲೆಲ್ಲ ಅಟ್ಟಕ್ಕೆ ಹಾಕಿದೀನಿ. ನಾಳೆಯಿಂದ ಮಳೆ ಅಂತೆ. ಇವತ್ತೇ ಬಂದು ಕುಯ್ದು ಕೊಟ್ಬಿಡು."

ಅತ್ತೆಯ ಗದ್ದೆ ಇದ್ದದ್ದು ಕಾಡಿನ ಅಂಚಿಗೆ. ಒಂದು ಮಗ್ಗುಲಲ್ಲಿ ಜೌಗು, ಇನ್ನೊಂದು ಮಗ್ಗುಲಲ್ಲಿ ಆನೆ ಬಾರದಿರಲೆಂದು ತೋಡಿದ ಕಂದಕ. ಆ ಕಂದಕದ ದಡ ಕೆಡವಿ ಆನೆಗಳೇ ಅಚ್ಚುಕಟ್ಟಾಗಿ ದಾರಿ ಮಾಡಿಕೊಂಡಿದ್ದವು. ವಾರದಿಂದ ಒಂದು ಒಂಟಿ ಸಲಗ ಅಲ್ಲೇ ಸುತ್ತುತ್ತಿದೆಯೆಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನವೂ ಬರುತ್ತಿತ್ತು. ಜಯಪ್ರಕಾಶನಿಗೋ, ಕ್ಯಾಲೆಂಡರಿನ ಗಣಪತಿಗೂ ಒಂದು ಹೆಜ್ಜೆ ಹಿಂದೆ ನಿಂತೇ ಕೈಮುಗಿಯುವಷ್ಟು ಆನೆಭಯ.

"ಅತ್ತೆ, ಜೌಗು ಒಂಚೂರು ಆರಲಿ..."

"ಆರೋದ್ರೊಳಗೆ ಆನೆ ತಿಂತದೆ. ಆನೆ ಬಿಟ್ಟಿದ್ದು ಮಳೆ ತಿಂತದೆ. ನನ್ನ ವರ್ಷದ ಅನ್ನ ಕಣಪ್ಪ ಅದು." ಸಿದ್ದಮ್ಮ ತುದಿಯಿಲ್ಲದ ಕಿರುಬೆರಳನ್ನು ಎತ್ತಿ ಕಿವಿಯ ಮೇಲಿನ ಕೂದಲು ಸರಿಮಾಡಿಕೊಂಡಳು. ಅಷ್ಟೇ ಸಾಕಾಯಿತು.

ಧೈರ್ಯ ಹೇಳಲು ಪಕ್ಕದ ಗದ್ದೆಯ ನಾಗರಾಜು ಜೊತೆಗೆ ಬಂದ. "ರೋಟರಿ ಸದ್ದಿಗೆ ಆನೆ ಒಂದು ಮೈಲಿ ಆಚೆ ಓಡ್ತದೆ ಕಣೋ ಪ್ರಕಾಶ. ಅದಕ್ಕೆ ನಾನು ಜವಾಬ್ದಾರಿ." ಊರಿನ ಎಲ್ಲದಕ್ಕೂ ನಾಗರಾಜುವೇ ಜವಾಬ್ದಾರಿ. ಅವನ ಮನೆಯ ನಲ್ಲಿ ಮಾತ್ರ ಎರಡು ವರ್ಷದಿಂದ ಸೋರುತ್ತಿತ್ತು.

ಮೊದಲ ಎರಡು ಸುತ್ತು ಚೆನ್ನಾಗಿಯೇ ಆಯಿತು. ತೊಟ್ಟಿಗೆ ಕಾಳು ಸುರಿಯುವ ಸದ್ದು ಕೇಳಿ ಬದುವಿನ ಮೇಲೆ ಕೂತಿದ್ದ ಸಿದ್ದಮ್ಮ ಎಲೆಅಡಿಕೆ ಬಿಚ್ಚಿದಳು. ಮೂರನೆಯ ಸುತ್ತಿನಲ್ಲಿ ಜೌಗಿನ ಹಸಿ ಹುಲ್ಲು ಹೊಟ್ಟೆಗೆ ಹೋಯಿತು. ಮಿಷನ್ ಸ್ವಲ್ಪ ಅಳಲಿಲ್ಲ, ಹೆತ್ತವರು ಹೋದಂತೆ ಅತ್ತಿತು. ರೋಟರು ಕಟ್ಟಿಕೊಂಡಿತು. ಹಿಂದಕ್ಕೆ ತೆಗೆಯಲು ಹೋದರೆ ಚಕ್ರದ ಬದಲಿಗಿದ್ದ ರಬ್ಬರ್ ಪಟ್ಟಿಗಳಲ್ಲಿ ಎಡಗಡೆಯದು ಕೆಸರಿನಲ್ಲಿ ಹೂತಿತು. ಇಂಜಿನ್ ಆಫ್ ಆಯಿತು.

ಆ ನಿಶ್ಶಬ್ದದಲ್ಲಿ ಕಂದಕದ ಕಡೆ ಬಿದಿರು ಲಟಕ್ಕೆಂದಿತು.

ಬದುವಿನ ಮೇಲಿದ್ದ ನಾಗರಾಜು ಮರುಕ್ಷಣ ದೂರದ ರಸ್ತೆಯ ಮೇಲಿದ್ದ. ನಡುವೆ ಅವನು ಓಡಿದ್ದನ್ನು ಯಾರೂ ನೋಡಲಿಲ್ಲ. ಸಿದ್ದಮ್ಮನೂ ಸೆರಗು ಬಿಗಿದು ರಸ್ತೆ ಸೇರಿದಳು. ಮಿಷನ್ನಿನ ಮೇಲೆ ಉಳಿದವನು ಜಯಪ್ರಕಾಶ ಒಬ್ಬನೇ. ಅದಕ್ಕೆ ಗಾಜಿಲ್ಲ, ಬಾಗಿಲಿಲ್ಲ, ತಲೆಯ ಮೇಲೊಂದು ತಗಡು.

ಆನೆ ಅವಸರವಿಲ್ಲದೆ ಬಂತು. ಮಿಷನ್ನಿಗೆ ಒಂದು ಸುತ್ತು ಹಾಕಿ, ಹಿಂದೆ ನಿಂತು, ತೊಟ್ಟಿಗೆ ಸೊಂಡಿಲು ಇಳಿಸಿತು. ಜಯಪ್ರಕಾಶನ ಕತ್ತಿನ ಮೇಲೆ ಬಿಸಿ ಉಸಿರು ಹಾಯಿತು. ಹಿಂದಿನಿಂದ ಮರ್ ಮರ್ ಎಂದು ಕಾಳು ಅಗಿಯುವ ಸದ್ದು. ಅವನ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿತ್ತು. ಜೇಬಿನಲ್ಲಿ ಫೋನು ನಡುಗಿತೋ ತಾನು ನಡುಗಿದನೋ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಪ್ರಕಾಶ, ನಾನು ನಾಗರಾಜು. ಹೆದರ್ಕೋಬೇಡ. ಗ್ರೂಪಲ್ಲಿ ಈಗ ಮೆಸೇಜ್ ಬಂತು. ಹೊಳೆಯಾಚೆ ಆನೆ ಕ್ಯಾಂಪಿಂದ ಸಾಕಾನೆ ಒಂದು ತಪ್ಪಿಸ್ಕೊಂಡಿದ್ಯಂತೆ. ಧರ್ಮೇಂದ್ರ ಅಂತ ಹೆಸರು. ಮಗು ಥರ ಅಂತೆ. ಮಾವುತ ಕೆಂಚನಿಗೆ ಫೋನ್ ಮಾಡಿದೀನಿ, ಬರ್ತಾವ್ನೆ."

"ಇದು... ಅದೇನಾ ಅಣ್ಣ?" ಜಯಪ್ರಕಾಶನ ಸ್ವರ ಇರುವೆಯ ಸ್ವರದಂತಿತ್ತು.

"ದಂತ ಐತಾ?"

"ಐತೆ."

"ಕಾಳು ತಿಂತಾ ಐತಾ?"

"ಅದೇ ಕೆಲಸ."

"ಮತ್ತಿನ್ನೇನು! ಸಾಕಾನೆಗೆ ಕಾಲಲ್ಲಿ ಚೈನು ಇರ್ತದೆ, ನೋಡು."

ಜಯಪ್ರಕಾಶ ಒಂದೇ ಕಣ್ಣಲ್ಲಿ ಕೆಳಗೆ ನೋಡಿದ. "ಕೆಸರಲ್ಲಿ ಕಾಲೇ ಕಾಣ್ತಿಲ್ಲಣ್ಣ."

"ಹಂಗಾದ್ರೆ ಚೈನು ಕೆಸರೊಳಗೆ ಐತೆ. ಕೂರು ಅಂತ ಹೇಳು. ಬೈಠ್ ಅನ್ನಬೇಕಂತೆ."

"ಬೈಠ್," ಎಂದ ಜಯಪ್ರಕಾಶ. ತಾನೇ ಕೂತ ಜಾಗದಲ್ಲಿ ಇನ್ನಷ್ಟು ಕುಸಿದ. ಆನೆ ಕೂರಲಿಲ್ಲ. "ಕೂರ್ತಿಲ್ಲಣ್ಣ!"

"ಕೆಸರಲ್ಲಿ ಯಾರು ಕೂರ್ತಾರೋ? ಬುದ್ಧಿ ಇರೋ ಆನೆ."

ಆ ಮಾತು ಜಯಪ್ರಕಾಶನಿಗೆ ಹಿಡಿಸಿತು. ಅರ್ಧ ಗಂಟೆ ಆಗಿದ್ದರೂ ತಾನು ಬದುಕಿದ್ದೇನೆ, ಅಂದರೆ ಇದು ಮಗುವೇ. ನಾಳೆಗೆಂದಿದ್ದ ಮಳೆಯ ಮೋಡ ಇವತ್ತೇ ಪಡುವಣದಲ್ಲಿ ಕಟ್ಟುತ್ತಿತ್ತು. ತೊಟ್ಟಿಯ ಕಾಳು ತಳ ಕಾಣುತ್ತಿತ್ತು. ಅಷ್ಟರಲ್ಲಿ ಫೋನಿನಲ್ಲಿ ನಾಗರಾಜುವಿಗೆ ಹೊಸ ಯೋಚನೆ ಹೊಳೆಯಿತು.

"ಲೇ, ಹೆಂಗೂ ಸಾಕಾನೆ. ಮರ ಎಳೆಯೋದೇ ಅದರ ಕೆಲಸ. ಮಿಷನ್ ಎಳೆಯೋಕೆ ಮುಂದೆ ಕಟ್ಟಿರೋ ಹಗ್ಗಾನ ಅದರ ಕಾಲಿನ ಚೈನಿಗೆ ಕೊಂಡಿ ಹಾಕು. ಒಂದೇ ಎಳೆತಕ್ಕೆ ದಡಕ್ಕೆ ಬಿಡ್ತದೆ. ಮಳೆಗೆ ಮುಂಚೆ ಅತ್ತೆ ಗದ್ದೆ ಕ್ಲೀನು!"

ಜಯಪ್ರಕಾಶ ರಸ್ತೆಯ ಕಡೆ ನೋಡಿದ. ಸಿದ್ದಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಎಡಗೈಯ ಮೊಂಡು ಬೆರಳು ಅಷ್ಟು ದೂರಕ್ಕೆ ಕಾಣುವಂತಿರಲಿಲ್ಲ, ಆದರೂ ಅವನಿಗೆ ಕಂಡಿತು.

ಅವನು ಇಳಿದ. ತೊಡೆಯ ತನಕ ಕೆಸರು. ಹಗ್ಗದ ಕೊಂಡಿ ಹಲ್ಲಲ್ಲಿ ಕಚ್ಚಿಕೊಂಡು ಆನೆಯ ಮುಂಗಾಲಿನ ಹತ್ತಿರ ಬಂದ. ಒಂದು ಸಲ ತಟ್ಟಿದ. ಕಾಂಪೌಂಡು ಗೋಡೆ ತಟ್ಟಿದಂತಾಯಿತು. "ಧರ್ಮೇಂದ್ರಾ... ನಮ್ಮಪ್ಪ... ನನಗೂ ಹೆಂಡ್ತಿ ಮಕ್ಕಳವ್ರೆ ಕಣೋ," ಎನ್ನುತ್ತ ಬಗ್ಗಿ, ಭುಜದವರೆಗೆ ಕೈಯನ್ನು ಕೆಸರಿಗೆ ಇಳಿಸಿ, ಕಂಬದಂಥ ಕಾಲಿನ ಸುತ್ತ ತಡಕಾಡಿದ. ಉಗುರು ಸಿಕ್ಕಿತು. ಚೈನು ಸಿಗಲಿಲ್ಲ. ಆನೆ ಅಗಿಯುವುದನ್ನು ನಿಲ್ಲಿಸಿ ಕೆಳಗೆ ನೋಡಿತು.

"ಸಿಗ್ತಿಲ್ಲಣ್ಣ!"

"ಸರಿಯಾಗಿ ಹುಡುಕೋ! ಆ ಕಾಲು ನೋಡು!" ಈಗ ನಾಗರಾಜು ಬದುವಿನ ತನಕ ಬಂದು ವಿಡಿಯೋ ತೆಗೆಯುತ್ತಿದ್ದ.

ಜಯಪ್ರಕಾಶ ಆನೆಯ ಹೊಟ್ಟೆಯಡಿಯಲ್ಲಿ ನುಸುಳಿ ಇನ್ನೊಂದು ಕಾಲಿಗೆ ಕೈ ಹಾಕಿದ. ಆಗ ಝಣ್ ಎಂದು ಚೈನಿನ ಸದ್ದು ಕೇಳಿತು. ಅಬ್ಬಾ, ಸಿಕ್ಕಿತು! ಆದರೆ ಕೈಗೆ ಏನೂ ತಗುಲಿರಲಿಲ್ಲ. ಸದ್ದು ಬದುವಿನ ಕಡೆಯಿಂದ ಬಂದಿತ್ತು.

ಬದುವಿನ ಮೇಲೆ, ಕಾಲಲ್ಲಿ ಚೈನು ಎಳೆದುಕೊಂಡು ಒಂದು ಆನೆ ನಿಂತಿತ್ತು. ಅದರ ಮೇಲೆ ಮಾವುತ ಕೆಂಚ.

"ಧರ್ಮೇಂದ್ರ ಹೊಳೆ ದಡದಲ್ಲೇ ಸಿಕ್ಬಿಟ್ಟ ಅಣ್ಣ," ಎಂದ ಕೆಂಚ. "ಮಿಷನ್ ಹೂತೈತೆ ಅಂದ್ರಲ್ಲ, ಎಳೆಯಾಕೆ ಆಯ್ತದೆ ಅಂತ ಇವನ್ನೇ ಹತ್ಕೊಂಡು ಬಂದೆ." ಆಮೇಲೆ ಅವನ ದನಿ ಸಣ್ಣಗಾಯಿತು. "ಅಣ್ಣ... ನೀವು ಕಾಲು ಹಿಡ್ಕೊಂಡಿದೀರಲ್ಲ, ಅದು ಯಾರದ್ದು?"

ನಾಗರಾಜು ಮತ್ತೆ ರಸ್ತೆಯ ಮೇಲಿದ್ದ.

ಮುಂದೆ ಏನಾಯಿತೆಂದು ಜಯಪ್ರಕಾಶನಿಗೆ ಸರಿಯಾಗಿ ಗೊತ್ತಿಲ್ಲ. ಸಲಗ ಘೀಳಿಟ್ಟದ್ದು ನೆನಪಿದೆ. ಕಣ್ಣು ಬಿಟ್ಟಾಗ ಅವನು ಕಾಳಿನ ಖಾಲಿ ತೊಟ್ಟಿಯೊಳಗೆ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದ. ಹೊರಗೆ ಸಲಗ ಓಡಿಸುತ್ತಿತ್ತು, ಧರ್ಮೇಂದ್ರ ಓಡುತ್ತಿದ್ದ, ಅವನ ಮೇಲೆ ಕೆಂಚ ಕಾಡಿನ ದೇವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದ. ಗದ್ದೆಗೆ ಉದ್ದಕ್ಕೂ ಅಡ್ಡಕ್ಕೂ ನಾಲ್ಕು ಸುತ್ತು ಹಾಕಿದ ಮೇಲೆ ಸಲಗಕ್ಕೆ ಬೇಜಾರಾಗಿ ಕಂದಕ ದಾಟಿ ಹೋಯಿತು.

ಧರ್ಮೇಂದ್ರ ಒಳ್ಳೆಯವನು. ಮಿಷನ್ನನ್ನು ಒಂದೇ ಎಳೆತಕ್ಕೆ ದಡಕ್ಕೆ ತಂದ. ಒಳಗೆ ಕಟ್ಟಿಕೊಂಡಿದ್ದ ಹುಲ್ಲನ್ನು ನಾಗರಾಜು ಕಿತ್ತುಕೊಟ್ಟ, ರೋಟರು ತಿರುಗಿತು. ಆದರೆ ಕುಯ್ಯುವುದೇನನ್ನು? ಉಳಿದ ಭತ್ತವೆಲ್ಲ ಚಾಪೆ ಹಾಸಿದಂತೆ ಕೆಸರಿಗೆ ಅಂಟಿ ಮಲಗಿತ್ತು. ಮಲಗಿದ ಪೈರನ್ನು ಮಿಷನ್ ಎತ್ತುವುದಿಲ್ಲ, ತೆನೆ ತೆನೆಯಾಗಿ ಕೈಯಲ್ಲೇ ಎತ್ತಿ ಕುಯ್ಯಬೇಕು. ಮೊದಲ ಹನಿ ಮಿಷನ್ನಿನ ತಗಡಿನ ಮೇಲೆ ಟಪ್ಪೆಂದಿತು.

ಸಿದ್ದಮ್ಮ ಮನೆಗೆ ಹೋಗಿ ಅಟ್ಟ ಹತ್ತಿ ಇಳಿದು ಬಂದಳು. ನಾಗರಾಜುವಿಗೆ ಒಂದು ಕೊಟ್ಟಳು, ಜಯಪ್ರಕಾಶನಿಗೆ ಒಂದು ಕೊಟ್ಟಳು, ತಾನೊಂದು ಹಿಡಿದಳು.

"ಬೆರಳು ಜೋಪಾನ, ಮಗ," ಎಂದಳು.

ಮೂರು ಗಂಟೆಗೆ ಸಿದ್ದಮ್ಮನ ಗದ್ದೆಗೆ ಕುಡುಗೋಲು ಇಳಿಯಿತು. ಹನ್ನೊಂದು ವರ್ಷದ ಮಾತು ಮುರಿಯಿತು.